ಫ್ರೆಂಚರು ಅಮೆರಿಕದ ಮೂಲನಿವಾಸಿಗಳ ಜೋಡಿ ಖರೇನ ಚೊಲೊ ಇದ್ರೇನ್ರಿ?

ಸಪ್ತಾಪುರದ ಓದುಗ
ಧಾರವಾಡದಾಗ ಕೆ-ಸೆಟ್ ತಯಾರಿ ನಡಸೀನ್ರಿ, ಇತಿಹಾಸ ವಿಷಯ. ನೋಟ್ಸಿನಾಗ ಸ್ಪೇನಿನವ್ರು ಕೊಂದ್ರು, ಇಂಗ್ಲಿಷರು ಓಡಿಸಿದ್ರು, ಫ್ರೆಂಚರು ಸ್ನೇಹ ಮಾಡಿದ್ರು ಅಂತ ಐತಿ. ಇವರಿಗಷ್ಟ ಯಾಕ ಬ್ಯಾರೆ ಬುದ್ಧಿ ಬಂತು? ಧರ್ಮದ ಕಾರಣ ಅನ್ನೂಣಂದ್ರ ಸ್ಪೇನಿನವ್ರೂ ಕ್ಯಾಥೊಲಿಕ್ಕರ ಅಲ್ಲೇನ್ರಿ?

ಗದಗಿನ ಮಾಸ್ತರ
ಆ ಮಾತು ಪೂರ್ತಿ ಸುಳ್ಳಲ್ಲ. ಈಗಿನ ಕೆನಡಾದ ಮಾಂಟ್ರಿಯಲ್‌ನಲ್ಲಿ 1701ರಲ್ಲಿ ಫ್ರೆಂಚರ ಜೊತೆ ಆದ ಶಾಂತಿ ಒಪ್ಪಂದಕ್ಕೆ ಸುಮಾರು 40 ಬುಡಕಟ್ಟುಗಳ 1,300 ಮಂದಿ ಬಂದಿದ್ದರು. ಮುಖಂಡರು ತಮ್ಮ ಕುಲದ ಪ್ರಾಣಿ, ಪಕ್ಷಿಗಳ ಚಿತ್ರ ಬಿಡಿಸಿ ಸಹಿ ಮಾಡಿದರು. ಮಾತುಕತೆ ನಡೆದಾಗಲೇ ವೆಂಡಾಟ್ ಬುಡಕಟ್ಟಿನ ನಾಯಕ ಕೊಂಡಿಯಾರೊಂಕ್ ಜ್ವರ ಬಂದು ತೀರಿಕೊಂಡ. ಫ್ರೆಂಚರು ಅವನನ್ನು ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಬ್ಯಾಡಗಿ ದಲಾಲ
ಮಾಸ್ತರ, ಮರ್ಯಾದಿ ಕೊಟ್ಟಿದ್ದು ಖರೆ. ಯಾಕ ಕೊಟ್ರು ಅನ್ನೂದು ನೋಡ್ರಿ. ನಾ ಮೆಣಸಿನಕಾಯಿ ದಲಾಲಿ ಅಂಗಡಿ ನಡಸಿದಾಂವ. ಈಗ ಗಾದಿ ಮ್ಯಾಲ ಮಗ ಕುಂದರತಾನ, ನಾ ಪುಸ್ತಕ ಹಿಡಕೊಂಡೀನಿ. ಮಾಲು ತರೋ ರೈತನ್ನ ಚಾ ಕುಡಿಸದ ಕಳಸಿದ ದಲಾಲನ್ನ ನಾ ಅಂತೂ ನೋಡಿಲ್ಲ!

ಫ್ರೆಂಚರಿಗೆ ಬೇಕಾಗಿದ್ದು ಬೀವರ್ ಅನ್ನೋ ನೀರ ದಂಡಿ ಪ್ರಾಣಿ ತೊಗಲು, ಯುರೋಪಿನ ಟೋಪಿಗೆ. ಅದರಾಗ ಎರಡು ನಮೂನಿ ಕೂದಲ: ಮ್ಯಾಲ ಉದ್ದಂದು, ಬಿರುಸು, ಒಳಗ ಮೆತ್ತಂದು. ಟೋಪಿಗೆ ಬರೂದು ಒಳಗಿಂದು. ಅಲ್ಲಿನ ಮಂದಿ ತೊಗಲು ಹೊಲದು, ಕೂದಲ ಮೈಗೆ ಹತ್ತೂ ಹಂಗ ಒಂದೆರಡು ವರ್ಷ ಹೊತ್ಕೊಂಡ್ರ ಬಿರುಸು ಕೂದಲ ಸವದು ಉದರತಿತ್ತು. ಅದಕ್ಕ ಹೊಸಾ ತೊಗಲಿಗಿಂತ ಬೆವರು ಕುಡದು ಜಿಡ್ಡಾದ ಹಳೇದಕ್ಕ ರೇಟು ಹೆಚ್ಚು. ಇನ್ನು ತೊಗಲು ತರೋರಿಗೂ ಲೆಕ್ಕ ಗೊತ್ತಿತ್ತು. ಒಂದ ತೊಗಲಿಗೆ ಇಪ್ಪತ್ತು ಚಾಕು ಕೊಡತಾರ, ಈ ಇಂಗ್ಲಿಷರಿಗೆ ಬುದ್ಧಿನ ಇಲ್ಲ ಅಂತ ಒಬ್ಬಾಂವ ನಕ್ಕಿದ್ದನ್ನ ಲ ಜ್ಯೂನ್ ಅನ್ನೋ ಪಾದ್ರಿ 1634ರಾಗ ಬರದಿಟ್ಟಾನ.

ಮತ್ತ ಫ್ರೆಂಚರು ಇದ್ದದ್ದರ ಎಷ್ಟು ಮಂದಿ? 1663ರಾಗ ಇಡೀ ನ್ಯೂ ಫ್ರಾನ್ಸಿನಾಗ, ಅಂದ್ರ ಉತ್ತರ ಅಮೆರಿಕದ ಫ್ರೆಂಚ್ ವಸಾಹತಿನಾಗ, ಸುಮಾರು 3,000. ಅಷ್ಟ ಮಂದಿ ಇಟಕೊಂಡು ಯಾರನ್ನ ಓಡಸತಾರ? ಷಾಂಪ್ಲೇನ್ ಅನ್ನೋ ಫ್ರೆಂಚ್ ಮುಖಂಡ 1608ರಾಗ ಕ್ವಿಬೆಕ್ ಊರು ಕಟ್ಟಿದ. ಮರುವರ್ಷನ ವೆಂಡಾಟ್, ಅಲ್ಗಾಂಕ್ವಿನ್ ಮಂದಿ ಬೆನ್ನಿಗೆ ನಿಂತು, ಬಂದೂಕ ಹಿಡದು ಅವರ ವೈರಿ ಮೊಹಾಕ್ ಬುಡಕಟ್ಟಿನ ಮ್ಯಾಲ ಹೋದ. ವ್ಯಾಪಾರ ನಡೀಬೇಕಂದ್ರ ಅವರ ಜಗಳಾನೂ ಇವನ ಹೊರಬೇಕಿತ್ತು.

ಗರಜು ಇಲ್ಲದ ಕಡೆ ನೋಡ್ರಿ. 1729ರಾಗ ಮಿಸಿಸಿಪ್ಪಿ ದಂಡಿ ಮ್ಯಾಲ ನ್ಯಾಚೆಜ್ ಮಂದಿಗೆ, ನಮಗ ತಂಬಾಕು ಬೆಳೀಲಿಕ್ಕೆ ನೆಲ ಬೇಕು, ಊರು ಬಿಡ್ರಿ ಅಂದ್ರು. ಅವರು ತಿರುಗಿ ಬಿದ್ದು 200ಕ್ಕೂ ಹೆಚ್ಚು ಫ್ರೆಂಚರನ್ನ ಕೊಂದ್ರು. ಫ್ರೆಂಚರು ಆ ಕುಲಾನ ಮುರದು, ನೂರಾರು ಮಂದೀನ ಸೇನ್ ದೊಮಾಂಗ್ ಅನ್ನೋ ಫ್ರೆಂಚ್ ವಸಾಹತಿಗೆ (ಈಗಿನ ಹೈಟಿ) ಗುಲಾಮರಂತ ಮಾರಿದ್ರು. ಅಲ್ಲಿ ಬೇಕಾಗಿದ್ದು ತೊಗಲಲ್ಲ, ಹೊಲ.

ಸಪ್ತಾಪುರದ ಓದುಗ
ಹಂಗಾರ ಷಾಂಪ್ಲೇನ್‌ಗಿಂತ ಮೊದಲ ಬಂದ ಫ್ರೆಂಚ್ ನಾವಿಕ ಕಾರ್ಟಿಯೇನೂ ವ್ಯಾಪಾರಕ್ಕ ಬಂದಾಂವನ ಅಲ್ಲೇನ್ರಿ?

ಬ್ಯಾಡಗಿ ದಲಾಲ
ಅಂವ ಹುಡಕತಿದ್ದದ್ದು ಬಂಗಾರ, ಚೀನಾದ ದಾರಿ. 1535-36ರ ಚಳಿಗಾಲದಾಗ ಸ್ಕರ್ವಿ ಬ್ಯಾನಿ ಬಂದು ಅವನ 25 ಮಂದಿ ಸತ್ತರು. ಉಳದವರನ್ನ ಬದುಕಿಸಿದ್ದು ಅಲ್ಲಿನ ಡೊಮಗಾಯಾ ಅನ್ನಾಂವ ತೋರಿಸಿದ ಗಿಡದ ಕಷಾಯ. ಅದರ ಮುಂದ ಕಾರ್ಟಿಯೇ ಮಾಡಿದ್ದೇನು? ಅಲ್ಲಿನ ಮುಖ್ಯಸ್ಥ ಡೊನ್ನಕೋನಾ, ಡೊಮಗಾಯಾ, ಮತ್ತೊಂದಿಷ್ಟು ಮಂದಿ, ಎಲ್ಲಾರನ್ನೂ ಹಿಡದು ಹಡಗ ಹತ್ತಿಸಿದ. 1541ರಾಗ ತಿರುಗಿ ಬಂದಾಗ ಒಬ್ಬ ಹುಡುಗಿ ಬಿಟ್ಟು ಉಳದವರು ಫ್ರಾನ್ಸಿನಾಗ ಸತ್ತು ಹೋಗಿದ್ರು. ಊರ ಮಂದಿಗೆ ಇಂವ ಹೇಳಿದ್ದು: ಡೊನ್ನಕೋನಾ ತೀರಕೊಂಡ, ಉಳದವರು ಅಲ್ಲೇ ದೊಡ್ಡ ಸಾಹುಕಾರರಾಗ್ಯಾರ, ಬರಾಕ ಒಲ್ಲೆ ಅಂದ್ರು.

ಗದಗಿನ ಮಾಸ್ತರ
ದಲಾಲರ ಮಾತಿಗೆ ಒಂದು ಪುರಾವೆ ನಾನೂ ಸೇರಿಸ್ತೀನಿ. ಫ್ರೆಂಚರು ವರ್ಷ ವರ್ಷ ಕೊಡುತ್ತಿದ್ದ ಮದ್ದುಗುಂಡು, ಬಟ್ಟೆಯ ಉಡುಗೊರೆಯನ್ನು ಆಮೇಲೆ ಬಂದ ಬ್ರಿಟಿಷ್ ದಂಡನಾಯಕ ಆಮ್ಹರ್ಸ್ಟ್ ವ್ಯರ್ಥ ಖರ್ಚು ಅಂತ ಕಡಿತ ಮಾಡಿದ. 1763ರಲ್ಲಿ ಮೂಲನಿವಾಸಿ ನಾಯಕ ಪಾಂಟಿಯಾಕ್ ಬ್ರಿಟಿಷರ ವಿರುದ್ಧ ದಂಗೆ ಏಳಲು ಅದೂ ಒಂದು ಕಾರಣ. ಪರೀಕ್ಷೆಯ ಉತ್ತರದಲ್ಲಿ ಸ್ನೇಹ ಅಂತಲೇ ಬರೀರಿ, ಪಕ್ಕದಲ್ಲಿ 1729ರ ನ್ಯಾಚೆಜ್ ಕಥೆಯನ್ನೂ ಹಾಕ್ರಿ.