ಕೀ ತಿರುಗಿಸಿದ್ರೆ ಒಂದೇ ‘ಟಕ್’, ಸೆಲ್ಫ್ ತಿರುಗ್ತಿಲ್ಲ. ಬ್ಯಾಟರಿ ಹೊಸದು!

ಬಯಲುಸೀಮೆ_ಸವಾರ:
ತಲೆ ಕೆಟ್ಟುಹೋಗಿದೆ. ಕಾರಿನ ಕೀ ತಿರುಗಿಸಿದ್ರೆ ಒಂದೇ ಒಂದು ‘ಟಕ್’, ಆಮೇಲೆ ಸದ್ದೇ ಇಲ್ಲ. ಐದಾರು ಸಲಕ್ಕೆ ಒಮ್ಮೆ ಹತ್ತುತ್ತೆ. ತಳ್ಳಿದ್ರೆ ತಕ್ಷಣ ಸ್ಟಾರ್ಟ್. ಬ್ಯಾಟರಿ ಬದಲಾಯಿಸಿದ್ದೂ ದಂಡ. ಏನ್ ಮಾಡ್ಲಿ?

ಹತ್ತು_ಹನ್ನೆರಡು_ಪಾನಾ:
ಗಾಡಿ ಪೆಟ್ರೋಲಾ ಡೀಸೆಲ್ಲಾ, ಎಷ್ಟು ವರ್ಷದ್ದು? ಕೀ ತಿರುಗಿಸಿದಾಗ ಹೆಡ್‌ಲೈಟ್ ಮಂಕಾಗುತ್ತಾ? ಟಕಟಕಟಕ ಅಂತ ಒಂದೇ ಸಮ ಬಂದ್ರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ ಟಕ್ ಅಂದ್ರೆ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡೋ ಸ್ವಿಚ್) ಎಳೀತಿದೆ, ಮೋಟರಿಗೆ ಕರೆಂಟ್ ಸಾಲ್ತಿಲ್ಲ.

ಕರಿಹೊಗೆ:
ಸೆಲ್ಫ್ ಮೋಟರ್ ಕಾರ್ಬನ್ ಬ್ರಷ್ (ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ತುಂಡು) ಸವೆದಿದೆ, ಬರೆದಿಟ್ಕೊಳ್ಳಿ. ಒಬ್ಬರು ಕೀ ಹಿಡೀಲಿ, ಇನ್ನೊಬ್ಬರು ಮೋಟರ್ ಮೈಗೆ ಪಾನಾದಲ್ಲಿ ಮೆಲ್ಲಗೆ ತಟ್ಟಲಿ. ತಿರುಗಿದ್ರೆ ಬ್ರಷ್ಷೇ.

ಬಯಲುಸೀಮೆ_ಸವಾರ:
1.2 ಲೀಟರ್ ಪೆಟ್ರೋಲ್, 2013ರದ್ದು. ಲೈಟ್ ಮಂಕಾಗಲ್ಲ. ತಟ್ಟಿದೆ, ಒಮ್ಮೆ ತಿರುಗಿತು, ಆಮೇಲೆ ಇಲ್ಲ.

ಕರಿಹೊಗೆ:
ಹೇಳಿದ್ನಲ್ಲ. ಬಿಚ್ಚಿಸಿ.

ಘಾಟಿ_ಗೇರ್:
ಬ್ಯಾಟರಿ ಚಾರ್ಜ್ ಮಾಡೋ ಡೈನಮೋನೂ ನೋಡಿ. ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೈನಸ್ ಕಿತ್ತುಬಿಡಿ, ಆಫ್ ಆದ್ರೆ ಡೈನಮೋ ಸತ್ತಿದೆ.

ಹತ್ತು_ಹನ್ನೆರಡು_ಪಾನಾ:
ದಯವಿಟ್ಟು ಇದನ್ನ ಮಾಡಬೇಡಿ! ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಡಬಹುದು. ಮಲ್ಟಿಮೀಟರ್ ಸಾಕು: ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದ್ರೆ ಸರಿ.

ಘಾಟಿ_ಗೇರ್:
ಹಳೇ ಮೇಸ್ತ್ರಿಗಳೆಲ್ಲ ಹಂಗೇ ನೋಡ್ತಿದ್ರು ಸರ್.

ಹತ್ತು_ಹನ್ನೆರಡು_ಪಾನಾ:
ಆಗ ಗಾಡೀಲಿ ಕಾರ್ಬುರೇಟರ್ ಇತ್ತು, ಕಂಪ್ಯೂಟರ್ ಇರ್ಲಿಲ್ಲ.

ಬಾಸ್_ಬಾಕ್ಸ್:
ನನ್ನ ಗಾಡೀಲಿ ಆಂಪ್ಲಿಫಯರ್, ಎರಡು ಸಬ್‌ವೂಫರ್, ಬ್ಯಾಟರಿಯಿಂದ ಡಿಕ್ಕಿವರೆಗೆ ದಪ್ಪ ತಾಮ್ರದ ಕೇಬಲ್. ಒಂದೇ ಸೆಲ್ಫಿಗೆ ಹತ್ತುತ್ತೆ. ಕಂಪನಿ ವೈರಿಂಗ್ ಬರೀ ದಾರ.

ಹತ್ತು_ಹನ್ನೆರಡು_ಪಾನಾ:
ಅದನ್ನ ಇಲ್ಲಿ ಯಾರು ಕೇಳಿದ್ರು ಮಾರಾಯ್ರೇ? @ಸವಾರ, ಇತ್ತೀಚೆಗೆ ಇಂಜಿನ್ ಕಡೆ ಏನಾದ್ರೂ ಬಿಚ್ಚಿಸಿದ್ರಾ?

ಬಯಲುಸೀಮೆ_ಸವಾರ:
ಕ್ಲಚ್ ಪ್ಲೇಟ್ ಹಾಕ್ಸಿದ್ದೆ, ಎರಡು ವಾರ ಆಯ್ತು. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಹತ್ತು_ಹನ್ನೆರಡು_ಪಾನಾ:
ಅದನ್ನ ಮೊದಲೇ ಹೇಳ್ಬಾರ್ದಿತ್ತಾ! ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಬೇಕು. ಬಾಡಿಯಿಂದ ಬರೋ ಅರ್ಥಿಂಗ್ ವೈರ್ (ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ) ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಬೋಲ್ಟಿಗೇ ಇರುತ್ತೆ. ವಾಪಸ್ ಸರಿಯಾಗಿ ಬಿಗಿದಿಲ್ಲ ಅಂದ್ರೆ ಸೆಲ್ಫಿನ ನೂರಾರು ಆಂಪಿಯರ್ ಹೋಗೋಕೆ ದಾರಿ ಇಲ್ಲ. ಹೆಡ್‌ಲೈಟಿನ ಅರ್ಥ್ ಬಾಡಿಗೆ, ಅದಕ್ಕೇ ಮಂಕಾಗ್ತಿಲ್ಲ. ಸೆಲ್ಫ್ ಹೊಡೆದ ಮೇಲೆ ಕ್ಲಚ್ ಕೇಬಲ್ ಮುಟ್ಟಿ ನೋಡಿ, ಬಿಸಿ ಇದ್ರೆ ಕರೆಂಟ್ ಅದರ ಮೂಲಕ ನುಗ್ತಿದೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರ್ 20 ವೋಲ್ಟ್ ಡಿಸಿಗೆ. ಕಪ್ಪು ತುದಿ ಬ್ಯಾಟರಿ ಮೈನಸ್ ಕಂಬಕ್ಕೇ, ಕ್ಲಾಂಪಿಗಲ್ಲ. ಕೆಂಪು ತುದಿ ಇಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಲೋಹಕ್ಕೆ. ಯಾರಾದ್ರೂ ಸೆಲ್ಫ್ ಹೊಡೀಲಿ. 0.3 ವೋಲ್ಟ್ ಒಳಗಿರಬೇಕು, ಜಾಸ್ತಿ ಬಂದ್ರೆ ಅರ್ಥ್ ದಾರೀಲೇ ತೊಂದರೆ.

ಕರಿಹೊಗೆ:
ಅಷ್ಟೊಂದು ಲೆಕ್ಕ ಬೇಕಾ? ಬ್ರಷ್ ನೋಡ್ಸಿ ಸಾಕು.

ಬಯಲುಸೀಮೆ_ಸವಾರ:
4.1 ತೋರಿಸ್ತು!! ಕೇಬಲ್ ಬೆಚ್ಚಗಿದೆ.

ಹತ್ತು_ಹನ್ನೆರಡು_ಪಾನಾ:
ಸಿಕ್ತು. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಎತ್ತೋ ಕೊಕ್ಕೆಗೆ ಹಾಕಿ ಹೊಡೀರಿ. ಹತ್ತಿದ್ರೆ ಅನುಮಾನವೇ ಬೇಡ. ಆಮೇಲೆ ಬ್ಯಾಟರಿ ಮೈನಸ್ ಕಳಚಿ, ಅರ್ಥ್ ಬೋಲ್ಟ್ ಬಿಚ್ಚಿ. ಲಗ್‌ನ (ವೈರ್ ತುದಿಯ ಲೋಹದ ಬಳೆ) ಎರಡೂ ಮೈ ಮತ್ತು ಕೂರೋ ಜಾಗ ಎಮರಿ ಪೇಪರಲ್ಲಿ ಹೊಳೆಯೋವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಕೊನೆಗೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ. ಲಗ್ ಹತ್ರ ಎಳೆಗಳು ಹಸಿರುಗಟ್ಟಿದ್ರೆ ವೈರೇ ಹೊಸದು ಹಾಕಿ.

ಘಾಟಿ_ಗೇರ್:
ಜೆಲ್ಲಿ ಯಾಕೆ, ಗ್ರೀಸ್ ಸಾಕು.

ಬಾಸ್_ಬಾಕ್ಸ್:
ಗ್ರೀಸಿಗೆ ಧೂಳು ಮೆತ್ತುತ್ತೆ. ನನ್ನದರಲ್ಲಿ ಚಿನ್ನದ ಲೇಪದ ಟರ್ಮಿನಲ್.

ಬಯಲುಸೀಮೆ_ಸವಾರ:
ಜಂಪರ್ ಹಾಕಿದ ತಕ್ಷಣ ಹತ್ತಿತು. ಬೋಲ್ಟ್ ಬೆರಳಲ್ಲೇ ತಿರುಗ್ತಿತ್ತು, ಲಗ್ ಕೆಳಗೆ ಮಣ್ಣು. ಉಜ್ಜಿ ಬಿಗಿದೆ. ಈಗ 0.15, ಚಾರ್ಜಿಂಗ್ 14.1. ಹಳೇ ಬ್ಯಾಟರಿ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ನಲ್ಲ, ಅದೂ ಚೆನ್ನಾಗೇ ಇತ್ತೇನೋ.

ಕರಿಹೊಗೆ:
ಇರ್ಲಿ, ಬ್ರಷ್ ಒಮ್ಮೆ ನೋಡ್ಸಿ.