ಘೋರ ಕೊಲೆಗೆ ಗಲ್ಲೇ ತಕ್ಕ ಶಿಕ್ಷೆಯೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮ ತಾಲ್ಲೂಕಿನ ಕ್ರೂರ ಕೊಲೆ ಪ್ರಕರಣವೊಂದರಲ್ಲಿ ಸೆಷನ್ಸ್ ನ್ಯಾಯಾಲಯ ವಿಧಿಸಿದ್ದ ಗಲ್ಲನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿದೆ. ಕೊಲೆ ಸಾಬೀತಾಗಿದೆ ಎಂದು ಒಪ್ಪಿದ ಮೇಲೂ ಅಪರಾಧಿಯ ವಯಸ್ಸು, ಬಡತನ, ಜೈಲಿನಲ್ಲಿನ ನಡತೆಯನ್ನು ಏಕೆ ನೋಡಬೇಕು? ಶಿಕ್ಷೆ ಅಪರಾಧಕ್ಕೆ ತಕ್ಕಂತಿರಬೇಕಲ್ಲವೇ?

ಉತ್ತರ: ನಮಸ್ಕಾರ. ತಕ್ಕಂತಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಾನೂನು ಕೃತ್ಯದ ಜೊತೆಗೆ ಕೃತ್ಯ ಎಸಗಿದವನನ್ನೂ ತೂಗುತ್ತದೆ. 1955ರ ತಿದ್ದುಪಡಿಗೆ ಮುಂಚೆ ಕೊಲೆಗಾರನಿಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಅದಕ್ಕೆ ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಿರುವುಮುರುವು ಮಾಡಿ, ಗಲ್ಲು ವಿಧಿಸುವುದಾದರೇ ವಿಶೇಷ ಕಾರಣ ಬರೆಯಬೇಕೆಂದಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ನಿಯಮವಿದೆ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಗಲ್ಲು ಶಿಕ್ಷೆಯನ್ನು ಎತ್ತಿಹಿಡಿಯಿತಾದರೂ, ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿ, ಅಪರಾಧಿ ಸುಧಾರಿಸಲಾರನೆಂದು ಸಾಕ್ಷ್ಯದ ಮೂಲಕ ತೋರಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ನೀವು ಹೇಳಿದ ವಯಸ್ಸು, ನಡತೆಗಳು ಲೆಕ್ಕಕ್ಕೆ ಬರುವುದು ಇಲ್ಲಿಂದ.

ಕೃತ್ಯವನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ರಾವ್‌ಜಿ ಪ್ರಕರಣವಿದೆ. ರಾಜಸ್ಥಾನದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ಅಪರಾಧದ ಸ್ವರೂಪ ಮುಖ್ಯವೇ ಹೊರತು ಅಪರಾಧಿಯಲ್ಲ ಎಂದು ಗಲ್ಲನ್ನು ಖಾಯಂಗೊಳಿಸಿತು; 1996ರಲ್ಲಿ ಅದು ಜಾರಿಯೂ ಆಯಿತು. ಆ ನಿಲುವು ಬಚನ್ ಸಿಂಗ್ ತೀರ್ಪಿಗೆ ವಿರುದ್ಧವಾಗಿತ್ತೆಂದು ಅದೇ ನ್ಯಾಯಾಲಯ ಹೇಳಿದ್ದು 2009ರಲ್ಲಿ. ಮಹಾರಾಷ್ಟ್ರದ ಇನ್ನೊಂದು ಪ್ರಕರಣದಲ್ಲಿ ಅದೇ 2009ರಲ್ಲಿ ಸುಪ್ರೀಂ ಕೋರ್ಟು ಆರು ಮಂದಿಗೂ ಗಲ್ಲೇ ಸರಿ ಎಂದಿತ್ತು. 2019ರಲ್ಲಿ ಆರೂ ಮಂದಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರು ಬದುಕಿದ್ದರು, ಹಾಗಾಗಿ ಪರಿಹಾರ ಪಡೆದರು.

ಮೃತರ ಮನೆಯವರು ಗಲ್ಲು ಕೇಳುವುದನ್ನು ಬರೀ ಸೇಡು ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೂ, ತಪ್ಪಾದರೆ ಹಿಂತೆಗೆದುಕೊಳ್ಳಲಾಗದ ಶಿಕ್ಷೆಯನ್ನು ವಿಧಿಸಲು ನ್ಯಾಯಾಧೀಶರು ಹಿಂಜರಿಯುವುದು ಸರಿಯೆಂದೇ ನನ್ನ ಅಭಿಪ್ರಾಯ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ಸರ್, ಜೀವಾವಧಿ ಎಂದರೆ 14 ವರ್ಷ ತಾನೇ? ಆಮೇಲೆ ಅವನು ಅದೇ ಊರಿಗೆ ಬಂದು ನಿಲ್ಲುತ್ತಾನೆ.

ಉತ್ತರ: ಇದು ಬಹಳ ಮಂದಿಯಲ್ಲಿರುವ ತಪ್ಪು ಕಲ್ಪನೆ. ಜೀವಾವಧಿ ಎಂದರೆ ಉಸಿರಿರುವ ತನಕ. ಕೊಲೆಯಂಥ ಪ್ರಕರಣದಲ್ಲಿ 14 ವರ್ಷ ಜೈಲಿನಲ್ಲಿ ಕಳೆಯುವ ಮುನ್ನ ಸರ್ಕಾರ ಶಿಕ್ಷೆ ಕಡಿತ ಮಾಡಿ ಬಿಡುಗಡೆ ಮಾಡುವಂತಿಲ್ಲ ಎಂಬುದಷ್ಟೇ ಆ ಸಂಖ್ಯೆಯ ಹಿಂದಿನ ನಿಯಮ. 14 ತುಂಬಿದೊಡನೆ ಬಿಡಲೇಬೇಕೆಂದಿಲ್ಲ. ಗಲ್ಲು ಅತಿಯೆನಿಸಿ, 14 ವರ್ಷ ತೀರಾ ಕಡಿಮೆಯೆನಿಸಿದಾಗ ಏನು ಮಾಡಬೇಕೆಂಬ ಇಕ್ಕಟ್ಟು ಬಂದದ್ದು ನಮ್ಮ ಬೆಂಗಳೂರಿನ ಪ್ರಕರಣದಲ್ಲೇ. ಪತ್ನಿಯನ್ನು ಕೊಂದು ಮನೆಯಂಗಳದಲ್ಲಿ ಹೂತಿದ್ದ ಸ್ವಾಮಿ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟು 2008ರಲ್ಲಿ ಗಲ್ಲು ತಪ್ಪಿಸಿ, ಕಡಿತವಿಲ್ಲದೆ ಸಾಯುವವರೆಗೂ ಸೆರೆಯಲ್ಲಿರಬೇಕೆಂದಿತು. 2015ರಲ್ಲಿ ಸಂವಿಧಾನ ಪೀಠವು ಇದನ್ನು ಒಪ್ಪಿ, ಇಂಥ ಶಿಕ್ಷೆ ವಿಧಿಸುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂದಿತು. ಆದ್ದರಿಂದ ಮೊದಲು ಪ್ರಶ್ನೆ ಕೇಳಿದವರು ಹೈಕೋರ್ಟ್ ತೀರ್ಪಿನ ಕೊನೆಯ ಪುಟಗಳನ್ನು ಓದಿ, ಇಷ್ಟು ವರ್ಷದವರೆಗೆ ಕಡಿತವಿಲ್ಲ ಎಂಬ ಷರತ್ತಿದೆಯೇ ನೋಡಲಿ. ಇಲ್ಲದಿದ್ದರೆ, ಸುಪ್ರೀಂ ಕೋರ್ಟಿಗೆ ವಿಶೇಷ ಮೇಲ್ಮನವಿ ಸಲ್ಲಿಸುವಂತೆ ಮೃತರ ಕುಟುಂಬದವರು ಸರ್ಕಾರವನ್ನು ಲಿಖಿತವಾಗಿ ಕೋರಬಹುದು.