ಬಲಮುರಿ ಶಂಖ: ‘ಸಿನಿಸ್ಟ್ರಲ್’ಗೆ ಕನ್ನಡದಲ್ಲಿ ಏನನ್ನಬೇಕು?

> ಪ್ರದರ್ಶನದ ಫಲಕಕ್ಕೆ ನಾಳೆ ಸಂಜೆಯೊಳಗೆ ಬೇಕು. ‘ಸಿನಿಸ್ಟ್ರಲ್’, ‘ಕಾಲ್ಯುಮೆಲ್ಲರ್ ಫೋಲ್ಡ್’ ಎರಡಕ್ಕೂ ಕನ್ನಡ ಪದ ತಿಳಿಸಿ. ವಸ್ತು ಬಲಮುರಿ ಶಂಖ.

ಸರ್, ‘ಸಿನಿಸ್ಟ್ರಲ್’ ಅಂದರೆ ಎಡಕ್ಕೆ ಸುತ್ತಿದ ಚಿಪ್ಪು. ಅದಕ್ಕೆ ಮೇಲೆ ಒಬ್ಬರು ‘ವಾಮಾವರ್ತಿ’ ಅಂದಿದ್ದಾರಲ್ಲ, ಅದನ್ನು ಮಾತ್ರ ಹಾಕಬೇಡಿ. ಪೂಜೆ ಮಾಡುವವರ ಮಾತಿನಲ್ಲಿ ವಾಮಾವರ್ತಿ ಅಂದರೆ ಮಾಮೂಲಿ ಶಂಖ. ಅಪರೂಪದ್ದು ಅವರಿಗೆ ದಕ್ಷಿಣಾವರ್ತಿ, ನಮಗೆ ಬಲಮುರಿ. ಅದೇ ಶಂಖ ಜೀವಶಾಸ್ತ್ರದವರಿಗೆ ಎಡದ್ದು! ಅವರು ಸುರುಳಿಯ ತುದಿ ಮೇಲೆ ಮಾಡಿ, ಬಾಯಿ ತಮ್ಮ ಕಡೆ ಬರುವಂತೆ ಹಿಡಿಯುತ್ತಾರೆ, ಆಗ ಬಾಯಿ ಎಡಕ್ಕೆ ಬರುತ್ತದೆ. ನಮ್ಮ ಸಂಪ್ರದಾಯದಲ್ಲಿ ತುದಿ ಕೆಳಗೆ, ಉದ್ದನೆಯ ಮೂತಿ ಮೇಲೆ. ಬಾಯಿ ಬಲಕ್ಕೆ.

ಹಾಗಾಗಿ ಹೆಸರು ‘ಬಲಮುರಿ’ಯೇ ಇರಲಿ, ಲಕ್ಷಣ ಹೇಳುವಾಗ ‘ಎಡಸುರುಳಿ’ ಅನ್ನಿ. ಮುರಿ ಅಂದರೆ ಇಲ್ಲಿ ತುಂಡಾಗುವುದಲ್ಲ, ತಿರುಚುವುದು; ಮೈ ಮುರಿಯುತ್ತೇವಲ್ಲ, ಆ ಮುರಿ. ಇದೇ ಶಂಖಕ್ಕೆ ತಮಿಳಿನಲ್ಲಿರುವ ಹೆಸರು ವಲಂಪುರಿ; ಅದರಲ್ಲಿರುವ ‘ಪುರಿ’ ಬೇರೆ, ಅದು ನಮ್ಮ ಹುರಿಮೀಸೆಯ ‘ಹುರಿ’. ಎರಡನ್ನೂ ಒಂದೇ ಅಂತ ಸುಮ್ನೆ ಕಲಸಬೇಡಿ.

ಇನ್ನು ‘ಕಾಲ್ಯುಮೆಲ್ಲರ್ ಫೋಲ್ಡ್’, ಅಂದರೆ ಚಿಪ್ಪಿನೊಳಗಿನ ನಡುವಿನ ಕಂಬದ ಮೇಲಿರುವ ಮಡಿಕೆ. ಅದಕ್ಕೆ ‘ಸ್ತಂಭಿಕಾವಲಿ’ ಬೇಡವೇ ಬೇಡ. ಓದಿದವರಿಗೆ ಏನು ತಿಳಿಯಬೇಕು? ‘ನಡುಗಂಬದ ಮಡಿಕೆ’ ಅನ್ನಿ. ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಯಾಕೆಂದರೆ ಮೋಸ ಬಯಲಾಗುವುದೇ ಅಲ್ಲಿ. ಅಮೆರಿಕದ ಫ್ಲಾರಿಡಾ, ಟೆಕ್ಸಾಸ್ ಕಡಲಲ್ಲಿ ಲೈಟ್ನಿಂಗ್ ವೆಲ್ಕ್ ಅಂತ ಒಂದು ಬಸವನಹುಳು ಇದೆ. ಅದು ಹುಟ್ಟಿನಿಂದಲೇ ಎಡಸುರುಳಿ, ಅದರಲ್ಲಿ ಅಪರೂಪ ಏನೂ ಇಲ್ಲ. ಅದರ ಚಿಪ್ಪನ್ನೇ ಬಲಮುರಿ ಅಂತ ಜಾಸ್ತಿ ಬೆಲೆಗೆ ಮಾರುತ್ತಾರೆ. ನಿಜವಾದ ಶಂಖ, ವಿಜ್ಞಾನದ ಹೆಸರಲ್ಲಿ ಟರ್ಬಿನೆಲ್ಲಾ ಪೈರಮ್, ತಮಿಳುನಾಡು-ಶ್ರೀಲಂಕಾ ನಡುವಿನ ಮನ್ನಾರ್ ಕೊಲ್ಲಿಯಂಥ ಕಡೆ ಸಿಗುವುದು. ಅದರ ಬಾಯೊಳಗೆ ನಡುಗಂಬದ ಮೇಲೆ 3-4 ಮಡಿಕೆ ಎದ್ದು ಕಾಣುತ್ತವೆ, ಬೆರಳಿಗೂ ಸಿಗುತ್ತವೆ. ವೆಲ್ಕ್‌ನಲ್ಲಿ ಅವು ಇಲ್ಲ.

ಇನ್ನು ‘ಶಂಖ’ವೇ ಸಂಸ್ಕೃತ, ಅದನ್ನೂ ತೆಗೆಯಿರಿ ಅನ್ನುವವರಿಗೆ ಒಂದು ಮಾತು. ಶಂಖದಿಂದ ಬಂದರೇ ತೀರ್ಥ ಅನ್ನುವ ಗಾದೆ ಹಳ್ಳಿಗರ ಬಾಯಲ್ಲಿದೆ. ಅಷ್ಟು ಒಳಗೆ ಬಂದ ಪದವನ್ನು ಹೊರಗಿನದು ಅನ್ನುವುದು ಹಟ ಅಲ್ವಾ? ನನ್ನ ತಕರಾರು ಇರುವುದು ಸಂಸ್ಕೃತದ ಮೇಲಲ್ಲ, ಯಾರೂ ಆಡದ ಪದವನ್ನು ರಾತ್ರೋರಾತ್ರಿ ಹೊಸೆದು ಫಲಕದ ಮೇಲೆ ಹತ್ತಿಸುವುದರ ಮೇಲೆ.

ಫಲಕಕ್ಕೆ ಹೀಗೆ ಬರೆಸಿ: “ಬಲಮುರಿ ಶಂಖ. ಎಡಸುರುಳಿ ಚಿಪ್ಪು: ತುದಿ ಮೇಲಿಟ್ಟು ನೋಡಿದರೆ ಬಾಯಿ ಎಡಕ್ಕೆ. ಒಳಗೆ ನಡುಗಂಬದ ಮೇಲೆ ಮಡಿಕೆಗಳಿವೆ.” ಮುದ್ರಣಕ್ಕೆ ಕೊಡುವ ಮುಂಚೆ ನಿಮ್ಮ ಚಿಪ್ಪಿನಲ್ಲಿ ಎಷ್ಟು ಮಡಿಕೆ ಇವೆ ಅಂತ ಎಣಿಸಿ ಅಂಕಿ ಸೇರಿಸಿ.